ಜೀವನಾಂಶ ಬರುತ್ತಿಲ್ಲ. ಭಾನುವಾರ ಮಗನನ್ನು ಅವರಪ್ಪನ ಹತ್ತಿರ ಕಳಿಸುವುದು ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ.

ನಿಮ್ಮದು ಪುಣೆ, ನಾಲ್ಕು ತಿಂಗಳ ಬಾಕಿ. ನನ್ನದು ಮುಂಬೈ, ಮುಲುಂಡ್. ಉಳಿದದ್ದು ಓದುವಾಗ ನಾನೇ ಬರೆದ ಪ್ರಶ್ನೆ ಅನ್ನಿಸಿತು. ಮಗಳು ನನ್ನ ಹತ್ತಿರ, ವಾರ ಬಿಟ್ಟು ವಾರ ಭಾನುವಾರ ಅವರಪ್ಪನ ಜೊತೆ, ತಿಂಗಳಿಗೆ ಇಷ್ಟು ಜೀವನಾಂಶ ಅಂತ ಆದೇಶ ಆಗಿತ್ತು. ಮೊದಮೊದಲು ಹಣ ಸರಿಯಾಗಿ ಬಂತು. ಆಮೇಲೆ ಹೋಟೆಲ್ ಧಂದೆ ಮಂದ, ಪಾರ್ಟ್‌ನರ್ ಕೈಕೊಟ್ಟ ಅಂತ ಶುರುವಾಯಿತು. ಶಾಲೆಯ ಫೀಸು ಮಾತ್ರ ಯಾವ ತಿಂಗಳೂ ಮಂದ ಆಗಲಿಲ್ಲ ನೋಡಿ.

ನೆಂಟರ ಮನೆಯ ಪೂಜೆಯೊಂದರಲ್ಲಿ ದೊಡ್ಡಮ್ಮ ಪಕ್ಕಕ್ಕೆ ಕರೆದು ಹೇಳಿದರು, "ದುಡ್ಡು ಕೈಗೆ ಬರೋವರೆಗೂ ಮಗೂನ ಕಳಿಸ್ಬೇಡ ಮಾರಾಯ್ತಿ. ತಾನಾಗೇ ದಾರಿಗೆ ಬರ್ತಾನೆ." ನನಗೂ ಯಾರಾದರೂ ಹಾಗೆ ಹೇಳಲಿ ಅಂತಲೇ ಇತ್ತು ಅನ್ನಿ. ಮುಂದಿನ ಭಾನುವಾರ ಮಗಳಿಗೆ ಜ್ವರ ಅಂದೆ. ಅದರ ಮುಂದಿನ ಸಲ ಪರೀಕ್ಷೆ. ಆಮೇಲೆ ಸುಳ್ಳು ಯಾಕೆ ಅಂತ ವಾಟ್ಸಾಪ್‌ನಲ್ಲಿ ನೇರವಾಗಿಯೇ ಬರೆದೆ: ಮೊದಲು ಬಾಕಿ ಹಾಕಿ, ಆಮೇಲೆ ಮಗಳು.

ಆ ಮೆಸೇಜನ್ನೇ ಅವರು ಪ್ರಿಂಟ್ ಹಾಕಿಸಿ ಕೋರ್ಟಿಗೆ ಕೊಟ್ಟರು. ಅಲ್ಲಿಯವರೆಗೆ ಆದೇಶ ಮುರಿದವರು ಅವರೊಬ್ಬರೇ. ಈಗ ನಾನೂ ಮುರಿದವಳು, ಅದೂ ಲಿಖಿತ ಪುರಾವೆ ಸಮೇತ. ಮಗಳನ್ನು ತನ್ನ ವಶಕ್ಕೇ ಕೊಡಿ ಅಂತ ಅರ್ಜಿ ಹಾಕಿದರು. ನಾನು ಬಾಕಿಯ ಮಾತೆತ್ತಿದಾಗಲೆಲ್ಲ ಅವರ ವಕೀಲರು ಆ ಕಾಗದ ಎತ್ತಿ ಹಿಡಿಯುತ್ತಿದ್ದರು. ಕೌನ್ಸೆಲರ್ ಮೇಡಂ ಒಂದೇ ಮಾತು ಕೇಳಿದರು: ಮಗಳೇನು ಒತ್ತೆ ಇಟ್ಟ ಚಿನ್ನವಾ? ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಕೆಲವು ಕಾಲ ಭೇಟಿಗಳೆಲ್ಲ ಕೋರ್ಟಿನ ಮಕ್ಕಳ ಕೋಣೆಯಲ್ಲೇ ಆದವು. ಶನಿವಾರ ಮುಲುಂಡ್‌ನಿಂದ ಕುರ್ಲಾಕ್ಕೆ ಲೋಕಲ್, ಅಲ್ಲಿಂದ ಕೋರ್ಟ್ ಇರುವ ಬಿಕೆಸಿಗೆ ರಿಕ್ಷಾ. ಡ್ರಾಯಿಂಗ್ ಕ್ಲಾಸ್ ತಪ್ಪಿತು ಅಂತ ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿರುತ್ತಿದ್ದಳು.

ಇದೆಲ್ಲ ಒಂದು ಕಡೆ. ನಿಜವಾದ ಪೆಟ್ಟು ಬೇರೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗಳನ್ನು ತಡೆದಿದ್ದೇನೆ, ಇನ್ನು ಹಣ ತಾನಾಗಿ ಬರುತ್ತದೆ ಅಂತ ನಾನು ವಸೂಲಿ ಅರ್ಜಿಯನ್ನೇ ಹಾಕಿರಲಿಲ್ಲ. ನನ್ನ ಜೀವನಾಂಶದ ಆದೇಶ ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 125ನೇ ಕಲಮಿನದು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಈ ಕಲಮಿನಲ್ಲಿ ಬಾಕಿಗೆ ವಾರಂಟ್ ಹೊರಡಿಸಬಹುದು. ಆಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಅಂತಲೂ ಅಲ್ಲ, ಹಣ ಕೊಡಲೇಬೇಕು. ಆದರೆ ಅರ್ಜಿಯನ್ನು ಆ ಹಣ ಬಾಕಿಯಾದ ದಿನದಿಂದ ಒಂದು ವರ್ಷದ ಒಳಗೇ ಹಾಕಬೇಕು. ನಾನು ವಕೀಲರ ಮೆಟ್ಟಿಲು ಹತ್ತುವಾಗ ಮೊದಲ ಕೆಲವು ತಿಂಗಳುಗಳ ಗಡುವು ದಾಟಿ ಹೋಗಿತ್ತು. ಆ ಹಣಕ್ಕೆ ವಾರಂಟ್ ಸಿಗಲಿಲ್ಲ. ಮಗಳನ್ನು ಹಿಡಿದಿಟ್ಟುಕೊಂಡು ನಾನು ಕಾಯುತ್ತಾ ಕೂತಿದ್ದೆ, ಗಡುವು ಕಾಯಲಿಲ್ಲ.

ನೀವು ಇನ್ನೂ ನಾಲ್ಕನೇ ತಿಂಗಳಲ್ಲಿದ್ದೀರಿ. ನಿಮ್ಮ ಆದೇಶ ಯಾವ ಕಲಮಿನದು ಅಂತ ಮೊದಲು ನೋಡಿ. ಡಿಕ್ರಿಯಲ್ಲೇ, ಅಂದರೆ ವಿಚ್ಛೇದನದ ತೀರ್ಪಿನಲ್ಲೇ, ಸೇರಿದ ಜೀವನಾಂಶವಾದರೆ ವಸೂಲಿಯ ದಾರಿ, ಗಡುವು ಬೇರೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಬಾರದ ತಿಂಗಳುಗಳಿಗೆ ಗುರುತು ಹಾಕಿ ಶಿವಾಜಿನಗರದ ಕುಟುಂಬ ನ್ಯಾಯಾಲಯಕ್ಕೆ ಹೋಗಿ. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನಲ್ಲೇ ಇದೆ. ದುಡಿಮೆ ಇಲ್ಲ ಅಂತ ಅವರು ಅಂದರೆ ಆಸ್ತಿ, ಆದಾಯದ ಅಫಿಡವಿಟ್ ಕೇಳಿ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಅದನ್ನು ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅವರಪ್ಪ ಕುಡಿದು ಬರುತ್ತಾರೆ, ಹೊಡೆಯುತ್ತಾರೆ ಅಂತಿದ್ದರೆ ಮಾತು ಬೇರೆ. ಆಗ ಕಳಿಸಬೇಡಿ, ತಕ್ಷಣ ಅರ್ಜಿ ಹಾಕಿ ಭೇಟಿಯ ಆದೇಶವನ್ನೇ ಬದಲಾಯಿಸಿ ಅಂತ ಕೇಳಿ. ನೀವು ಬರೆದದ್ದು ಹಣದ ವಿಷಯ ಮಾತ್ರ.

"ಇಬ್ಬರಲ್ಲಿ ಒಬ್ಬರು ಷರತ್ತು ಮುರಿದರೆ ಇನ್ನೊಬ್ಬರೂ ಯಾಕೆ ಪಾಲಿಸಬೇಕು" ಅಂತ ಕೇಳಿದ್ದೀರಿ. ಭಾನುವಾರ ಅವರಿಗೆ ನೀವು ಕೊಡುವ ಬಾಡಿಗೆ ವಸ್ತು ಅಲ್ಲ ರೀ. ಅದು ನಿಮ್ಮ ಮಗನದು. ಅಪ್ಪ ದುಡ್ಡಿನಲ್ಲಿ ಮೋಸಗಾರ ಆಗಿರಬಹುದು, ಆದರೂ ಮಗನಿಗೆ ಸೈಕಲ್ ಕಲಿಸುವವನು ಅವನೇ ಇರಬಹುದು. ನನಗೆ ಇದು ಒಪ್ಪಲು ತುಂಬಾ ಕಷ್ಟ ಆಯಿತು. ಈಗಲೂ ಪೂರ್ತಿ ಒಪ್ಪಿದ್ದೇನೆ ಅಂತ ಹೇಳಲ್ಲ.

ಮಗನೇ ಹೋಗಲ್ಲ ಅನ್ನುತ್ತಾನೆ ಅಂತಲೂ ಬರೆದಿದ್ದೀರಿ. ನನ್ನ ಮಗಳೂ ಅಂದಿದ್ದಳು. ಜಡ್ಜ್ ಅವಳನ್ನು ಚೇಂಬರಿಗೆ ಕರೆಸಿ ಯಾಕಮ್ಮ ಅಂತ ಕೇಳಿದರು. "ಅಪ್ಪ ಮೂರು ಕಾಸು ಬಿಚ್ಚಲ್ಲ" ಅಂದಳಂತೆ. ಎಂಟು ವರ್ಷದ ಮಗುವಿಗೆ ಆ ಮಾತು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ರಾತ್ರಿ ಅಕ್ಕನ ಜೊತೆ ನಾನು ಫೋನಿನಲ್ಲಿ ಆಡುತ್ತಿದ್ದ ಮಾತು ಅದು, ಒಂದಕ್ಷರ ಬದಲಾಗದೆ. ನಿಮ್ಮ ಮಗ ಯಾರ ಮಾತು ಆಡುತ್ತಿದ್ದಾನೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ.

ನಮ್ಮಲ್ಲಿ ಹಣ ಈಗಲೂ ತಡವಾಗಿಯೇ ಬರುತ್ತದೆ. ಹತ್ತನೇ ತಾರೀಖು ದಾಟಿದರೆ ವಕೀಲರಿಗೆ ಸ್ಟೇಟ್‌ಮೆಂಟ್ ಕಳಿಸುತ್ತೇನೆ, ಮಗಳಿಗೆ ಹೇಳುವುದಿಲ್ಲ.