ಕಳಿಸಿದ ಫೈಲೇ ವಾಪಸ್ ಬಂತಾ?

ಪ್ರಶ್ನೆ: ಮನೆಯವರ ಫೋಟೊ, ವಿಡಿಯೊ, ಕಾಗದಪತ್ರ ಎಲ್ಲ ಸೇರಿ ಸುಮಾರು 300 ಜಿಬಿ ಇದೆ. ಅಷ್ಟನ್ನೂ ಕ್ಲೌಡ್‌ಗೆ ಹಾಕಬೇಕೆಂದಿದ್ದೇನೆ. ಮೊದಲು ಟೆಸ್ಟ್ ಮಾಡೋಣ ಅಂತ ಬರೀ ಸೊನ್ನೆಗಳಿರುವ 1 ಜಿಬಿ ಫೈಲ್ ಮಾಡಿ ಕಳಿಸಿದೆ. ಎರಡೇ ಸೆಕೆಂಡಿನಲ್ಲಿ ಹೋಯಿತು! ವಾಪಸ್ ಇಳಿಸಿದೆ, ಸೈಜ್ ಕೂಡ ಸರಿ ಇದೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಆ ಎರಡು ಸೆಕೆಂಡೇ ನಿಮಗೆ ಅನುಮಾನ ಹುಟ್ಟಿಸಬೇಕಿತ್ತು. ಸೊನ್ನೆ ತುಂಬಿದ ಫೈಲನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು. ಕೆಲವು ಟೂಲ್‌ಗಳು ಕಳಿಸುವ ಮೊದಲೇ ಕುಗ್ಗಿಸುತ್ತವೆ. ಇನ್ನು ಕೆಲವು, ಒಂದೇ ಥರದ ತುಂಡು ಮತ್ತೆ ಮತ್ತೆ ಬಂದರೆ ಒಮ್ಮೆ ಮಾತ್ರ ಕಳಿಸುತ್ತವೆ. ಹಾಗಾಗಿ ನಿಮ್ಮ 1 ಜಿಬಿ ಪೂರ್ತಿ ಪ್ರಯಾಣ ಮಾಡಿಯೇ ಇಲ್ಲ.

ರ್‍ಯಾಂಡಮ್ ಬೈಟ್‌ಗಳಿಂದ ಫೈಲ್ ಮಾಡಿ. ಅದರಲ್ಲಿ ಯಾವ ಮಾದರಿಯೂ ಇರುವುದಿಲ್ಲ, ಕುಗ್ಗಿಸಲು ಏನೂ ಸಿಗುವುದಿಲ್ಲ, ಪ್ರತಿ ಬೈಟೂ ಹೋಗಿಯೇ ಬರಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಇಂಥ ಬೈಟ್‌ಗಳನ್ನು ಕೊಡಲೆಂದೇ 'ಯೂರ್‍ಯಾಂಡಮ್' ಇದೆ. ಡಿಡಿ ಕಮಾಂಡಿನಿಂದ ಅದನ್ನು ಓದಿ ಬೇಕಾದಷ್ಟು ದೊಡ್ಡ ಫೈಲ್ ಬರೆಸಬಹುದು. ವಿಂಡೋಸ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡರೆ ನಾಲ್ಕು ಸಾಲಿನ ಕೆಲಸ.

ಸೈಜ್ ಸರಿ ಇದೆ ಅಂದಿರಿ. ನಾನೂ ಒಂದು ಕಾಲದಲ್ಲಿ ಅದನ್ನೇ ನಂಬಿದ್ದೆ. ಅಮ್ಮ ಹಾಡಿದ 40 ಹಾಡುಗಳ ರೆಕಾರ್ಡಿಂಗನ್ನು ಕ್ಲೌಡ್‌ನಿಂದ ಹೊಸ ಡಿಸ್ಕಿಗೆ ಇಳಿಸಿಕೊಂಡಿದ್ದೆ. ಮಧ್ಯೆ ನೆಟ್ ಹೋಗಿತ್ತು, ಮತ್ತೆ ಶುರುವಾಯಿತು. ಫೈಲ್‌ಗಳ ಲೆಕ್ಕ ಸರಿ, ಸೈಜ್ ಸರಿ. ಖಾತೆ ಮುಚ್ಚಿದೆ. ಎರಡು ವರ್ಷ ಬಿಟ್ಟು ಕೇಳಿದರೆ ಮೂರು ಹಾಡು ಅರ್ಧಕ್ಕೇ ಮೌನ. ಇಳಿಸುವ ಟೂಲ್ ಮೊದಲೇ ಪೂರ್ತಿ ಜಾಗ ಕಾಯ್ದಿರಿಸಿತ್ತು, ಬಾರದ ಭಾಗ ಸೊನ್ನೆಯಾಗಿಯೇ ಉಳಿದಿತ್ತು. ಆ ಮೂರು ಹಾಡು ಇನ್ನು ಸಿಗುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೋಡಬೇಕಾದ್ದು ಹ್ಯಾಶ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿ ತೆಗೆಯುವ ಗುರುತು. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನ ಬಳಸಿ. ಫೈಲ್ ಎಷ್ಟೇ ದೊಡ್ಡದಿರಲಿ, 64 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಮ್ಯಾಕ್‌ನಲ್ಲಿ ಶಾಸಮ್, ಲಿನಕ್ಸ್‌ನಲ್ಲಿ ಶಾ256ಸಮ್ ಎಂಬ ಕಮಾಂಡ್‌ಗಳು ಈ ಕೆಲಸ ಮಾಡುತ್ತವೆ. ಕಳಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ಹ್ಯಾಶ್ ತೆಗೆದು ಹೋಲಿಸಿ.

ಇಳಿಸುವಾಗ ಒಂದು ಎಚ್ಚರ. ಕ್ಲೌಡ್ ಜೊತೆ ತಾನಾಗಿಯೇ ಹೊಂದಿಕೊಳ್ಳುವ (ಸಿಂಕ್ ಆಗುವ) ಫೋಲ್ಡರಿನಿಂದಲೇ ಫೈಲ್ ತೆಗೆದರೆ ನಿಮ್ಮ ಡಿಸ್ಕಿನಲ್ಲಿರುವ ಪ್ರತಿಯೇ ಕೈಗೆ ಬರಬಹುದು. ಆಗ ಹ್ಯಾಶ್ ಸರಿ ಬರುತ್ತದೆ, ಆದರೆ ಕ್ಲೌಡ್ ಬಗ್ಗೆ ನಿಮಗೆ ಏನೂ ಗೊತ್ತಾಗಿರುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ. ಅದಿಲ್ಲದಿದ್ದರೆ ಬ್ರೌಸರಿನಲ್ಲಿ ಲಾಗಿನ್ ಆಗಿ ಬೇರೆ ಫೋಲ್ಡರಿಗೆ ಇಳಿಸಿ.

ಒಂದೇ ದೊಡ್ಡ ಫೈಲ್ ಸಾಲದು. ತೊಂದರೆಗಳು ಅಳತೆಯ ಗಡಿಗಳಲ್ಲೇ ಜಾಸ್ತಿ; ಡಿಸ್ಕಿನಲ್ಲಿ ಸಾಮಾನ್ಯವಾಗಿ 4096 ಬೈಟ್‌ಗಳಿಗೊಂದು ಗಡಿ ಇರುತ್ತದೆ. 0 ಬೈಟ್, 1 ಬೈಟ್, 4095, 4096, 4097 ಬೈಟ್‌ಗಳ ಫೈಲ್ ಮಾಡಿ. ದೊಡ್ಡ ಫೈಲ್‌ಗಳು ತುಂಡು ತುಂಡಾಗಿ ಹೋಗುತ್ತವೆ. ತುಂಡಿನ ಅಳತೆ ಟೂಲಿನ ಸೆಟ್ಟಿಂಗ್‌ನಲ್ಲಿ ಕಂಡರೆ ಅದಕ್ಕೆ ಸರಿಯಾಗಿ ಒಂದು, ಒಂದು ಬೈಟ್ ಜಾಸ್ತಿ ಇರುವ ಇನ್ನೊಂದು ಫೈಲ್ ಕಳಿಸಿ. ದೊಡ್ಡ ವಿಡಿಯೊ ಇದ್ದರೆ 4 ಜಿಬಿ ದಾಟುವ ಫೈಲೂ ಬೇಕು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅಷ್ಟು ದೊಡ್ಡದನ್ನು ಹಿಡಿಸಿಕೊಳ್ಳುವುದೇ ಇಲ್ಲ.

ಹೆಸರನ್ನೂ ಪರೀಕ್ಷಿಸಿ. ಕನ್ನಡದಲ್ಲಿ ಹೆಸರಿಡುವವರಿಗೆ ಇದು ಮುಖ್ಯ. 'ಫೋಟೊ' ಎಂಬ ಪದದ 'ಫೋ' ತಗೊಳ್ಳಿ. ಅದರ ಸ್ವರಚಿಹ್ನೆಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋದಾಗ ಒಂದೇ ಹೆಸರಿನ ಎರಡು ಫೈಲ್ ಕಾಣಬಹುದು, ಇಲ್ಲವೇ 'ಫೈಲ್ ಸಿಗಲಿಲ್ಲ' ಎಂದು ಬರಬಹುದು.

ಪ್ರಶ್ನೆ: ಟೆಸ್ಟ್ ಫೈಲ್‌ಗಳೇ 20 ಜಿಬಿ ಆಗಿವೆ. ಆರು ತಿಂಗಳಿಗೊಮ್ಮೆ ಪರೀಕ್ಷಿಸಲು ಅವನ್ನು ಇಟ್ಟುಕೊಂಡೇ ಇರಬೇಕಾ?

ಉತ್ತರ: ಬೇಡ. ಹ್ಯಾಶ್ ಪಟ್ಟಿ ಇಟ್ಟುಕೊಂಡು ನಿಮ್ಮ ಪ್ರತಿ ಅಳಿಸಿ. ಆದರೆ ಹ್ಯಾಶ್ ಹೇಳುವುದು 'ಬದಲಾಗಿದೆ' ಎಂದಷ್ಟೇ, ಎಲ್ಲಿ ಎಂದು ಹೇಳುವುದಿಲ್ಲ. ಅದು ತಿಳಿಯಬೇಕಿದ್ದರೆ ಯೂರ್‍ಯಾಂಡಮ್ ಬಿಡಿ, ಸೀಡ್ (ಬೈಟ್‌ಗಳ ಸಾಲು ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆ) ಕೊಟ್ಟು ಫೈಲ್ ಮಾಡಿ. ಪೈಥಾನಿನ ರ್‍ಯಾಂಡಮ್‌ಗೆ 2718 ಎಂಬ ಸೀಡ್ ಕೊಟ್ಟರೆ ಅದೇ ಪ್ರೋಗ್ರಾಮ್ ನಾಳೆಯೂ ಅದೇ ಬೈಟ್‌ಗಳನ್ನು ಅದೇ ಸಾಲಿನಲ್ಲಿ ಕೊಡುತ್ತದೆ. 20 ಜಿಬಿ ಬದಲು ಒಂದು ಸಂಖ್ಯೆ, ಒಂದು ಪುಟ್ಟ ಪ್ರೋಗ್ರಾಮ್ ಇಟ್ಟುಕೊಂಡರೆ ಆಯಿತು. ಫೈಲನ್ನು ಮತ್ತೆ ಮಾಡಿ, ಇಳಿಸಿದ್ದರ ಜೊತೆ ಹೋಲಿಸಿ ನೋಡಿದಾಗ ತಪ್ಪು ಸರಿಯಾಗಿ ತುಂಡಿನ ಗಡಿಯಲ್ಲೇ ಶುರುವಾಗಿದ್ದರೆ, ಒಂದು ತುಂಡು ಕಳೆದಿದೆ ಅಥವಾ ಅದಲುಬದಲಾಗಿದೆ ಎಂದು ಊಹಿಸಬಹುದು.

ಟೆಸ್ಟ್ ಫೈಲ್‌ಗಳಿಂದ ಆಗುವುದು ಕ್ಲೌಡ್‌ಗೆ ಹೋಗಿಬರುವ ದಾರಿಯ ಪರೀಕ್ಷೆ ಮಾತ್ರ. ನಿಮ್ಮ ಫೋಟೊಗಳಿಗೂ ಇವತ್ತೇ, ಕಳಿಸುವ ಮೊದಲೇ, ಹ್ಯಾಶ್ ಪಟ್ಟಿ ಮಾಡಿ. ಆ ಪಟ್ಟಿಯನ್ನು ಅದೇ ಕ್ಲೌಡ್‌ನಲ್ಲಿ ಮಾತ್ರ ಇಡಬೇಡಿ.