ಹಸಿ ತೊಗರಿಯ ಸಿಹಿ ಒಣಗಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಹಸಿ ತೊಗರಿಕಾಯಿ ಸಿಹಿ, ಒಣಗಿದ ಕಾಳು ಸಪ್ಪೆ, ಆ ಸಕ್ಕರೆಯೆಲ್ಲ ಪ್ರೋಟೀನಿಗೂ ಕೊಬ್ಬಿಗೂ ಅಂಟಿಕೊಳ್ಳುತ್ತದಂತೆ, ನಿಜವಾ ಅಂತ ಕೇಳಿದ್ದೀರಿ. ಅರ್ಧ ನಿಜ. ನಾನು ಕಲಬುರಗಿಯವನು, ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದ್ದೇನೆ, ಎಳ್ಳಮಾಸಿ ಭಜ್ಜಿಗೆ ಅಂತ ಕಾಯಿ ಸುಲಿಯಲು ಕೂತರೆ ಅರ್ಧ ಕಾಳು ನನ್ನ ಬಾಯಿಗೇ ಹೋಗುತ್ತದೆ.

ಎಲೆಯಿಂದ ಬರುವ ಸಕ್ಕರೆಯ ದೊಡ್ಡ ಪಾಲು ಪಿಷ್ಟವಾಗುತ್ತದೆ. ಸಿಹಿ ಹೋಗುವುದು ಮುಖ್ಯವಾಗಿ ಅದಕ್ಕೇ. ಅಂಟಿಕೊಳ್ಳುವುದು ಸ್ವಲ್ಪ ಮಾತ್ರ, ಆದರೆ ಮಜಾ ಇರುವುದು ಅಲ್ಲೇ.

ಜೀವಕೋಶ ಪ್ರೋಟೀನಿಗೆ ಒಂದೊಂದೇ ಸಕ್ಕರೆ ತಂದು ಅಂಟಿಸುತ್ತಾ ಕೂರುವುದಿಲ್ಲ. ಜೀವಕೋಶದ ಒಳಗಿನ ಪೊರೆಯಲ್ಲಿ ಡಾಲಿಕಾಲ್ ಅನ್ನುವ ಉದ್ದನೆಯ, ಕೊಬ್ಬಿನ ಜಾತಿಯ ಅಣು ಇರುತ್ತದೆ. ಮೊದಲು ಅದರ ಮೇಲೆ 2 ಅಸಿಟೈಲ್ ಗ್ಲುಕೋಸಮೈನ್, 9 ಮ್ಯಾನೋಸ್, 3 ಗ್ಲುಕೋಸ್, ಒಟ್ಟು 14 ಸಕ್ಕರೆ ಪೇರಿಸುತ್ತದೆ, ಆಮೇಲೆ ಆಗಷ್ಟೇ ತಯಾರಾಗುತ್ತಿರುವ ಪ್ರೋಟೀನಿನ ಆಸ್ಪರಜೀನ್ ಅನ್ನುವ ಅಮೈನೋ ಆಮ್ಲದ ಮೇಲೆ ಇಡೀ ಗೊಂಚಲನ್ನು ಒಮ್ಮೆಗೇ ಇಳಿಸುತ್ತದೆ. ಹೊಲದಲ್ಲಿ ಟ್ರ್ಯಾಕ್ಟರ್ ತುಂಬಿಸಿ ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಇಳಿಸಿದ ಹಾಗೆ ಅನ್ನಿ. ಖಾಲಿಯಾದ ಡಾಲಿಕಾಲ್ ಮುಂದಿನ ಲೋಡಿಗೆ ಸಿದ್ಧ.

ಇಳಿಸಿದ ಮೇಲೆ ಆ 3 ಗ್ಲುಕೋಸನ್ನು ಕತ್ತರಿಸಿ ಹಾಕುತ್ತದೆ. ಸುಮ್ನೆ ಹಾಕಿದ್ದಲ್ಲ ಅವು. ಪ್ರೋಟೀನು ಸರಿಯಾಗಿ ಮಡಚಿಕೊಂಡಿದೆಯೋ ಇಲ್ಲವೋ ಅನ್ನುವ ತಪಾಸಣೆಗೆ ಅವೇ ಗುರುತು. ಬೇಳೆಕಾಳು ಕೂಡಿಡುವ ಪ್ರೋಟೀನುಗಳಲ್ಲಿ ವಿಸಿಲಿನ್‌ಗೆ ಸಾಮಾನ್ಯವಾಗಿ ಇಂಥ ಗೊಂಚಲು ಇರುತ್ತದೆ, ಲೆಗುಮಿನ್‌ಗೆ ಹೆಚ್ಚಾಗಿ ಇರುವುದಿಲ್ಲ. 1970ರ ದಶಕದಲ್ಲಿ ಬಟಾಣಿ, ಬೀನ್ಸ್‌ನ ಎಳೆ ಕಾಳಿಗೆ ವಿಕಿರಣ ಸೂಸುವ ಸಕ್ಕರೆ ಕೊಟ್ಟು, ಅದು ಎಲ್ಲೆಲ್ಲಿ ಸೇರುತ್ತದೆ ಅಂತ ಬೆನ್ನುಹತ್ತಿ, ಕಾಳಿನಲ್ಲೂ ಸಕ್ಕರೆ ಹೀಗೆ ಪ್ರೋಟೀನಿಗೆ ಸೇರುವುದನ್ನು ಪತ್ತೆ ಮಾಡಿದರು.

ಇನ್ನು ಕೊಬ್ಬು. ಶೇಂಗಾದಿಂದ ಹಿಂಡುವ ಎಣ್ಣೆಯಲ್ಲಿ ಸಕ್ಕರೆ ಕೂಡಿಲ್ಲ, ಅದು ಬೇರೆ ಕಥೆ. ಎಳೆ ತೊಗರಿಕಾಳು ಹಸಿರಾಗಿರುತ್ತದೆ ಅಲ್ವಾ, ಆ ಹಸಿರು ಕೂತಿರುವ ಪೊರೆಗಳಲ್ಲಿನ ಕೊಬ್ಬು ಮುಖ್ಯವಾಗಿ ಗ್ಯಾಲಕ್ಟೋಸ್ ಅನ್ನುವ ಸಕ್ಕರೆ ಅಂಟಿದ್ದೇ. ಅದರಲ್ಲಿ ರಂಜಕ (ಫಾಸ್ಫರಸ್) ಬೇಕಾಗಿಲ್ಲ, ಗಿಡಕ್ಕೆ ಅಷ್ಟು ಉಳಿತಾಯ. ಕಾಳು ಬಲಿತು ಹಸಿರು ಮಾಸಿದಂತೆ ಇವೂ ಕಡಿಮೆಯಾಗುತ್ತವೆ.

ಒಂದು ಮಾತು, ಬೇಳೆ ಜಾಸ್ತಿ ತಿಂದಾಗ ಗ್ಯಾಸ್ ಮಾಡುವ ಸಕ್ಕರೆಯನ್ನು ಇದರ ಜೊತೆ ಬೆರೆಸಬೇಡಿ. ಅವು ರಾಫಿನೋಸ್ ಕುಲದವು, ಯಾವುದಕ್ಕೂ ಅಂಟದೆ ಬಿಡಿಯಾಗಿರುತ್ತವೆ. ಬೇಳೆ ನೆನೆಸಿದ ನೀರು ಚೆಲ್ಲಿದರೆ ಒಂದಿಷ್ಟು ಅದರ ಜೊತೆಗೇ ಹೋಗುತ್ತವೆ. ಪ್ರೋಟೀನಿಗೆ ಅಂಟಿದ ಸಕ್ಕರೆ ಹಾಗೆ ಬಿಟ್ಟು ಬರುವುದಿಲ್ಲ.