ಮನೆಯೊಳಗೆ ಲೋಹದ ಟೈಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಗ್ಯಾಸ್ ಒಲೆಯ ಹಿಂದಿನ ಗೋಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮೊಸಾಯಿಕ್ ಟೈಲ್ ಹಾಕಿಸಿದೆವು. ನಾಲ್ಕೇ ತಿಂಗಳಲ್ಲಿ ಕಂದು ಚುಕ್ಕೆಗಳು ಎದ್ದಿವೆ. ‘ಮ್ಯಾಗ್ನೆಟ್ ಅಂಟುವುದಿಲ್ಲ ನೋಡಿ, ಅಸಲಿ 304 ದರ್ಜೆಯ ಸ್ಟೀಲ್’ ಎನ್ನುತ್ತಾರೆ ಅಂಗಡಿಯವರು. ನಂಬಬಹುದೇ? – ಓದುಗರು, ವಾಸ್ಕೊ

ಉತ್ತರ: ಮ್ಯಾಗ್ನೆಟ್‌ನಿಂದ ಇದು ತೀರ್ಮಾನವಾಗುವುದಿಲ್ಲ. ನಿಕಲ್ ಇಳಿಸಿ ಮ್ಯಾಂಗನೀಸ್ ಏರಿಸಿದ ಅಗ್ಗದ 202 ದರ್ಜೆಯ ಸ್ಟೀಲಿಗೂ ಅದು ಅಂಟುವುದಿಲ್ಲ. ಸ್ಟೀಲ್ ವ್ಯಾಪಾರಿಗಳು ಬಳಸುವ ಟೆಸ್ಟ್ ದ್ರಾವಣವೊಂದಿದೆ. ಮಿಕ್ಕಿದ ಟೈಲ್ ತುಂಡಿನ ಮೇಲೆ ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸಿದರೆ, 202 ಆಗಿದ್ದಲ್ಲಿ ಹನಿ ಕೆಂಪಾಗುತ್ತದೆ.

ಆದರೆ ಅಂಗಡಿಯವರ ಜತೆ ಜಗಳಕ್ಕೆ ಹೋಗುವ ಮೊದಲು ಚುಕ್ಕೆ ಎಲ್ಲೆಲ್ಲಿದೆ ನೋಡಿ. ಟೈಲ್ ಸಂದಿಗೆ ತುಂಬಿದ ಗ್ರೌಟ್ ಗೆರೆಗಳ ಗುಂಟ ಮಾತ್ರ ಇದ್ದರೆ ತಪ್ಪು ಬಹುಶಃ ಮೇಸ್ತ್ರಿಯದು: ಕೆಲಸ ಮುಗಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ಆ್ಯಸಿಡ್ ಹಾಕಿ ತೊಳೆದಿರುತ್ತಾರೆ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಸೆರಾಮಿಕ್ ಅದನ್ನು ತಾಳಿಕೊಳ್ಳುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ತಾಳುವುದಿಲ್ಲ. ಕತ್ತರಿಸಿದ ಅಂಚುಗಳ ಬಳಿ, ಪ್ಲಗ್ ಪಾಯಿಂಟಿನ ಸುತ್ತ ಕಿತ್ತಳೆ ಬಣ್ಣದ ಚುಕ್ಕೆಯಾದರೆ, ಮಾಮೂಲಿ ಕಬ್ಬಿಣ ಕತ್ತರಿಸಿದ್ದ ಗ್ರೈಂಡರ್ ಡಿಸ್ಕನ್ನೇ ಇದಕ್ಕೂ ಬಳಸಿದ್ದಾರೆ. ಸ್ಟೀಲಿನ ಮೈಗೆ ಮೆತ್ತಿಕೊಂಡ ಕಬ್ಬಿಣದ ಪುಡಿ ಅಲ್ಲಿ ತುಕ್ಕು ಹಿಡಿಯುತ್ತಿದೆ, ಅಷ್ಟೆ. ಕಿಟಕಿಯ ಕಡೆಗೆ ಹೆಚ್ಚು, ಮೂಲೆಯ ಕಡೆಗೆ ಕಡಿಮೆ ಎಂದಿದ್ದರೆ ಅದು ಕಡಲ ಗಾಳಿಯ ಉಪ್ಪು. ನಿಮ್ಮ ಊರಿನಲ್ಲಿ ಅಸಲಿ 304 ಕೂಡ ಅದಕ್ಕೆ ಸೋಲುತ್ತದೆ.

ಹೊಸದಾಗಿ ಹಾಕಿಸುವವರು 316 ಕೇಳಿ. ಅದರಲ್ಲಿ ಶೇ 2–3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆ. ನಯವಾಗಿ ಪಾಲಿಶ್ ಆದ ಮೈ, ಒರಟು ಗೆರೆಯ ಮೈಗಿಂತ ಕಡಿಮೆ ಉಪ್ಪು ಹಿಡಿಯುತ್ತದೆ. ಈಗಿರುವ ಚುಕ್ಕೆಗಳಿಗೆ ಆಕ್ಸಾಲಿಕ್ ಆ್ಯಸಿಡ್ ಇರುವ ಕ್ಲೀನರನ್ನು ಕೈಗವಸು ಹಾಕಿಕೊಂಡು ಹಚ್ಚಿ, ಗೆರೆಯ ದಿಕ್ಕಿನಲ್ಲೇ ಮೆತ್ತನೆ ಬಟ್ಟೆಯಿಂದ ಉಜ್ಜಿ, ಚೆನ್ನಾಗಿ ನೀರಿನಲ್ಲಿ ಒರೆಸಿ. ಆಮೇಲೆ ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸೋಪಿನ ನೀರು ಸಾಕು. ಪಾತ್ರೆ ಉಜ್ಜುವ ತಂತಿಯ ಸ್ಕ್ರಬ್ಬರ್, ಬ್ಲೀಚ್, ಟಾಯ್ಲೆಟ್ ಕ್ಲೀನರ್ ಗೋಡೆಯ ಹತ್ತಿರವೂ ಬರಬಾರದು.

ಪ್ರಶ್ನೆ: ದೇವರ ಗೂಡಿನ ಹಿಂದೆ 4 ಅಡಿ ಅಗಲ, 3 ಅಡಿ ಎತ್ತರಕ್ಕೆ ತಾಮ್ರದ ಟೈಲ್ ಹಾಕಬೇಕೆಂದಿದ್ದೇವೆ. ಈಗಿರುವ ಸೆರಾಮಿಕ್ ಟೈಲ್ ಒಡೆಯಲೇಬೇಕೇ? ತಾಮ್ರ ಕಪ್ಪಾಗದಂತೆ ಏನು ಮಾಡಬೇಕು? – ಓದುಗರು, ಡೊಂಬಿವಲಿ

ಉತ್ತರ: ಒಡೆಯಬೇಕಿಲ್ಲ. ಹಳೆಯ ಟೈಲುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದದ್ದನ್ನು ಮಾತ್ರ ಕಿತ್ತು ಮತ್ತೆ ಕೂರಿಸಿ. ಉಳಿದವುಗಳ ಹೊಳಪನ್ನು 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ. ದೀಪದ ಎಣ್ಣೆಯ ಪಸೆ ಉಳಿದರೆ ಯಾವ ಅಂಟೂ ನಿಲ್ಲದು.

ಒಟ್ಟು 12 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ 10 ಸೇರಿಸಿದರೆ ಒಂದಡಿಯ 14 ಟೈಲ್. ಬರೀ ತಗಡಿನ ಟೈಲ್ ತೂಕದ ಲೆಕ್ಕದಲ್ಲಿ ಕೊಳ್ಳುವುದಾದರೆ, ಅರ್ಧ ಮಿಲಿಮೀಟರ್ ದಪ್ಪದ ಒಂದು ಚದರಡಿ ತಾಮ್ರ ಸುಮಾರು 415 ಗ್ರಾಂ. ಅಂದರೆ ಎಲ್ಲ ಸೇರಿ ಆರು ಕಿಲೋದ ಒಳಗೆ. ಸುತ್ತಿಗೆಯಿಂದ ಬಡಿದ ಚುಕ್ಕಿ ವಿನ್ಯಾಸ ಬೇಕಿದ್ದರೆ ಪುಣೆಯ ಕಸಬಾ ಪೇಠದ ತಾಂಬಟ್ ಆಳಿಗೆ (ತಾಮ್ರ ಕೆಲಸದವರ ಓಣಿ) ಒಮ್ಮೆ ಹೋಗಿಬನ್ನಿ. ಅಲ್ಲಿನ ತಾಂಬಟರು ತಲೆಮಾರುಗಳಿಂದ ಈ ‘ಮಠಾರ್’ ಕೆಲಸ ಮಾಡುತ್ತಿದ್ದಾರೆ. ಬೆಳಕು ಬಿದ್ದಾಗ ಅದರ ಸೊಗಸು ಮಷಿನ್ ಒತ್ತಿದ ತಗಡಿಗೆ ಬರುವುದಿಲ್ಲ.

ಅಂಟಿಸಲು ಪಾಲಿಯುರೆಥೇನ್ (ಪಿಯು) ಅಂಟು ತನ್ನಿ. ಟೈಲಿನ ಬೆನ್ನಿಗೆ ಪೂರ್ತಿ ಬಳಿಯಬೇಡಿ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವ ತಗುಲಿದಾಗ. ಮುಂದೆ ಲೋಹ, ಹಿಂದೆ ಹೊಳಪಿನ ಟೈಲ್, ಎರಡೂ ಗಾಳಿಯಾಡದವು. ಪೂರ್ತಿ ಬಳಿದರೆ ನಡುವಿನದು ವಾರಗಟ್ಟಲೆ ಹಸಿಯಾಗಿಯೇ ಇದ್ದು ಟೈಲ್ ಜಾರುತ್ತದೆ. 5 ಮಿ.ಮೀ. ದಪ್ಪದ ಎಳೆಗಳನ್ನು ಮೇಲಿಂದ ಕೆಳಕ್ಕೆ, ನಡುವೆ ಜಾಗ ಬಿಟ್ಟು ಹಾಕಿ. ಟೈಲಿಗೆ ಒಂದೂವರೆ ಮೀಟರ್ ಎಳೆ ಬೇಕು, 300 ಮಿ.ಲೀ.ಯ ಟ್ಯೂಬಿನಲ್ಲಿ ಸುಮಾರು 15 ಮೀಟರ್ ಬರುತ್ತದೆ, ಹಾಗಾಗಿ ಎರಡು ಟ್ಯೂಬ್. ಎರಡು ದಿನ ಮಾಸ್ಕಿಂಗ್ ಟೇಪಿನ ಆಸರೆ ಕೊಡಿ. ಅಂಚು ಮುಚ್ಚಲು ‘ನ್ಯೂಟ್ರಲ್’ ಎಂದು ಬರೆದ ಸಿಲಿಕೋನ್ ಮಾತ್ರ. ವಿನಿಗರ್ ವಾಸನೆಯ ಅಗ್ಗದ ಸಿಲಿಕೋನ್ ಬಿಡುವ ಅಸಿಟಿಕ್ ಆ್ಯಸಿಡ್ ತಾಮ್ರವನ್ನು ಹಸಿರಾಗಿಸುತ್ತದೆ.

ಕಪ್ಪಾಗುವ ವಿಚಾರ: ಲ್ಯಾಕರ್ (ಪಾರದರ್ಶಕ ಲೇಪ) ಹೊಡೆಸಿ, ಇಲ್ಲವೇ ಬರಿಮೈ ಬಿಟ್ಟು ಹುಣಸೆಹಣ್ಣು ಹಾಕಿ ಉಜ್ಜಿ. ಎರಡನ್ನೂ ಮಾಡಲು ಹೋದರೆ ಲ್ಯಾಕರ್ ಅಲ್ಲಲ್ಲಿ ಹರಿದು ಗೋಡೆ ನಕಾಶೆಯಂತಾಗುತ್ತದೆ. ಉಪ್ಪು–ಹುಣಸೆ ಹಾಕಿದರೆ ಸಂದಿಯಲ್ಲಿ ಉಪ್ಪು ಉಳಿಯದಂತೆ ತೊಳೆದು ಒಣಗಿಸಿ, ಇಲ್ಲವಾದರೆ ಕಿಲುಬು ಖಂಡಿತ. ಲ್ಯಾಕರ್ ಆದರೆ ದೀಪ ಗೋಡೆಯಿಂದ ಒಂದು ಗೇಣಾದರೂ ದೂರವಿರಲಿ, ಬಿಸಿಗೆ ಅದು ಹಳದಿಯಾಗುತ್ತದೆ. ನಮ್ಮನ್ನು ಕೇಳಿದರೆ ಬರಿಮೈಯೇ ಚೆಂದ. ಹಬ್ಬಕ್ಕೆ ಹೇಗೂ ದೇವರ ಪಾತ್ರೆ ಬೆಳಗುತ್ತೀರಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ, ಹಿಂದಿನ ಕಾಗದ ಕಿತ್ತು ಅಂಟಿಸುವ ಅಲ್ಯೂಮಿನಿಯಂ ಟೈಲ್ ಒಲೆಯ ಹಿಂದೆ ಉಬ್ಬಿ ಬರುತ್ತಿದೆ. ವೈಟ್ ಸಿಮೆಂಟ್ ಹಾಕಿ ಕೂರಿಸುತ್ತೇನೆ ಎನ್ನುತ್ತಾರೆ ಮೇಸ್ತ್ರಿ. – ಓದುಗರು, ಚಿಂಚವಡ

ಉತ್ತರ: ಬೇಡ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ಜತೆ ಸೇರಿದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಹಿಡಿತವೇ ಸಿಗುವುದಿಲ್ಲ. ಈ ಟೈಲುಗಳಲ್ಲಿ ತೆಳು ಅಲ್ಯೂಮಿನಿಯಂ ಹಾಳೆಯ ಹಿಂದೆ ಹೆಚ್ಚಾಗಿ ಪ್ಲಾಸ್ಟಿಕ್ ಇರುತ್ತದೆ. ಬರ್ನರಿನ ಬಿಸಿಗೆ ಮೊದಲು ಅಂಟು ಮೆತ್ತಗಾಗುತ್ತದೆ, ಆಮೇಲೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಲೆಯ ಹಿಂದಿನ ಎರಡೂವರೆ ಅಡಿ ಅಗಲದ ಪಟ್ಟಿಯನ್ನು ಕಿತ್ತು ಅಲ್ಲಿ ಒಂದೇ ತುಂಡಿನ 304 ಸ್ಟೀಲ್ ಶೀಟ್ ಹಾಕಿಸಿ, ಉಳಿದ ಗೋಡೆಯ ಟೈಲ್ ಹಾಗೇ ಇರಲಿ. ಬೇರೆಡೆಯೂ ಏಳುತ್ತಿದ್ದರೆ ಕೆಳಗಿನ ಡಿಸ್ಟೆಂಪರ್ ಬಣ್ಣವೇ ಪದರಪದರವಾಗಿ ಕಿತ್ತು ಬರುತ್ತಿದೆಯೇ ನೋಡಿ. ಹಾಗಿದ್ದರೆ ಬಣ್ಣ ಕೆರೆದು ಪ್ರೈಮರ್ ಹೊಡೆಯದೆ ಯಾವ ಸ್ಟಿಕ್ಕರೂ ನಿಲ್ಲದು.

ಪ್ರಶ್ನೆ: ಲೋಹದ ಟೈಲಿನ ನಡುವೆ ಸ್ವಿಚ್‌ಬೋರ್ಡ್ ಇದ್ದರೆ ಶಾಕ್ ಹೊಡೆಯುವ ಭಯವಿದೆಯೇ? – ಓದುಗರು, ಮುಲುಂಡ್

ಉತ್ತರ: ಇದೆ. ಕತ್ತರಿಸಿದ ಲೋಹದ ಅಂಚು ವೈರಿನ ಸಿಪ್ಪೆ ಸೀಳಿದರೆ, ಒಂದಕ್ಕೊಂದು ತಾಗಿದ ಟೈಲುಗಳಿಗೆಲ್ಲ ಕರೆಂಟ್ ಹರಿಯಬಹುದು. ಕೆಲಸ ಶುರುವಾಗುವ ಮೊದಲು ಮೇನ್ ಆಫ್ ಮಾಡಿಸಿ. ಬೋರ್ಡಿನ ಸುತ್ತ ಅಂಚನ್ನು ಅರ ಹಾಕಿ ನಯ ಮಾಡಿಸಿ, ರಬ್ಬರ್ ಪಟ್ಟಿ ಕೊಡಿಸಿ. ಎಲೆಕ್ಟ್ರಿಷಿಯನ್ ಕೈಯಲ್ಲಿ ಲೋಹಕ್ಕೆ ಅರ್ಥಿಂಗ್ ಕೊಡಿಸಿ. ಮನೆಯ ಡಿಬಿಯಲ್ಲಿ (ವಿದ್ಯುತ್ ಹಂಚುವ ಪೆಟ್ಟಿಗೆ) 30 ಮಿಲಿ ಆ್ಯಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಟೈಲ್ ಕೆಲಸ ಮುಂದೂಡಿ.